ಪಾಳುಮೇಸ್ತ್ರಿಯ ಅಡಿಕೋಲು

ಅವನನ್ನು ಎಲ್ಲರೂ ಪಾಳುಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಕಚೇರಿಯ ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು, ಆದರೆ ಅದು ಪುಸ್ತಕದಲ್ಲೇ ಉಳಿದು ಹಳತಾಗಿತ್ತು. ಉಳಿದ ಮೇಸ್ತ್ರಿಗಳಿಗೆ ಕಟ್ಟಿದ್ದಕ್ಕೆ ಕೂಲಿ ಸಿಗುತ್ತದೆ. ಇವನಿಗೆ ಏನನ್ನೂ ಕಟ್ಟದೆ ಇರುವುದಕ್ಕೆ ಸಂಬಳ. ಊರಂಚಿನಲ್ಲಿ ಕಬ್ಬಿಣದ ಎರಕ ಹೊಯ್ಯುವ ಹಳೆಯ ಕಾರ್ಖಾನೆಯೊಂದಿತ್ತು. ಅದು ಉಸಿರಾಡುತ್ತಿದ್ದಷ್ಟು ದಿನ ದೊಡ್ಡಮನುಷ್ಯರು ಮೂಗು ಮುಚ್ಚಿಕೊಂಡು ಅದರ ಮುಂದೆ ಹಾದುಹೋಗುತ್ತಿದ್ದರು. ಬೀಗ ಬಿದ್ದು ಚಾವಣಿ ಕುಸಿದು ಗಿಡಗಂಟಿ ಬೆಳೆದ ಮೇಲೆ ಅದೇ ದೊಡ್ಡಮನುಷ್ಯರು ಬಂದು ಮೂಗಿನ ಮೇಲೆ ಬೆರಳಿಟ್ಟು ನೋಡಿ, ಇದು ನಮ್ಮ ಪರಂಪರೆ ಎಂದು ಪಟ್ಟಿಗೆ ಸೇರಿಸಿದರು. ಸುತ್ತ ಬೇಲಿ ಬಂತು, ಬಾಗಿಲಲ್ಲಿ ಫಲಕ ಬಂತು, ನೋಡಿಕೊಳ್ಳಲು ಒಬ್ಬ ಮೇಸ್ತ್ರಿ ಬೇಕಾಯಿತು.

ಪಾಳನ್ನು ನೋಡಿಕೊಳ್ಳುವುದು ಸುಲಭ ಎಂದು ತಿಳಿದವರು ಒಂದು ವಾರ ಅವನ ಜೊತೆ ಇದ್ದು ನೋಡಬೇಕಿತ್ತು. ಪಟ್ಟಿಗೆ ಸೇರಿದ ದಿನ ತೆಗೆದ ಫೋಟೋಗಳಲ್ಲಿ ಹೇಗಿತ್ತೋ ಹಾಗೆಯೇ ಇರಬೇಕು, ಅದಕ್ಕಿಂತ ಚೆನ್ನಾಗಿಯೂ ಇರಕೂಡದು, ಕೆಟ್ಟೂ ಇರಕೂಡದು ಎಂಬುದು ನಿಯಮ. ಬೀಳುವಂತಿದ್ದ ಇಟ್ಟಿಗೆ ಬಿದ್ದುಬಿಟ್ಟರೆ ಅದನ್ನು ಎತ್ತಿ, ಇನ್ನೇನು ಬೀಳುತ್ತದೆ ಎನ್ನುವ ಹಾಗೆ ಮತ್ತೆ ಕೂರಿಸಬೇಕು. ಫೋಟೋದಲ್ಲಿರುವ ಪಾಚಿಯನ್ನು ಕೆರೆಯುವಂತಿಲ್ಲ, ಫೋಟೋದಲ್ಲಿಲ್ಲದ ಪಾಚಿಯನ್ನು ಉಳಿಸುವಂತಿಲ್ಲ. ಒಂದು ಫೋಟೋದಲ್ಲಿ ಕುಲುಮೆಯ ಪಕ್ಕ ತೂತುಬಿದ್ದ ಬಕೆಟ್ಟೊಂದು ಕಾಣುತ್ತಿತ್ತು. ಅದು ಅವತ್ತು ಅಲ್ಲಿ ದಿನಗೂಲಿಗೆ ಬಂದಿದ್ದ ಮೇಸ್ತ್ರಿ ಬೆಳಿಗ್ಗೆ ಸುಣ್ಣ ಕಲಸಿ ಮರೆತಿದ್ದ ಸ್ವಂತ ಬಕೆಟ್ಟು. ಪಟ್ಟಿಯಲ್ಲಿ ಅದಕ್ಕೆ ಇಪ್ಪತ್ತೇಳನೆಯ ಸಂಖ್ಯೆ ಕೊಟ್ಟು 'ಕಾರ್ಮಿಕರ ಪರಿಕರ, ಬಳಕೆ ಖಚಿತವಿಲ್ಲ' ಎಂದು ಬರೆದರು. ಅಂದಿನಿಂದ ಮೇಸ್ತ್ರಿ ತನ್ನದೇ ಬಕೆಟ್ಟನ್ನು ಮುಟ್ಟದೆ, ಅದರ ಮೇಲಿನ ಧೂಳನ್ನು ಮಾತ್ರ ಒರೆಸಿಕೊಂಡು ಬರುತ್ತಿದ್ದ.

ಇದೆಲ್ಲದರ ಮೇಲೆ ಒಬ್ಬ ಅಧಿಕಾರಿಯಿದ್ದರು. ಯಾವ ಅರ್ಜಿ ಕೊಟ್ಟರೂ 'ಯಥಾಸ್ಥಿತಿ ಕಾಪಾಡುವುದು' ಎಂದು ಬರೆದು ಸಹಿ ಹಾಕುವುದರಿಂದ ಅವರಿಗೆ ಯಥಾಸ್ಥಿತಿ ಸಾಹೇಬರು ಎಂಬ ಹೆಸರು ಬಿದ್ದಿತ್ತು. ವರ್ಷಕ್ಕೊಮ್ಮೆ ತಪಾಸಣೆಗೆ ಬಂದು, ಇಸ್ತ್ರಿ ಮಾಡಿದ ಬಿಳಿ ಅಂಗಿಗೆ ಮಸಿ ತಾಗದಷ್ಟು ದೂರ ನಿಂತು, ಫೋಟೋ ಹಿಡಿದು ಹೋಲಿಸಿ ಹೋಗುತ್ತಿದ್ದರು. ಅಚ್ಚಿನ ಕೋಣೆ ಎಂಬ ದೊಡ್ಡ ಕತ್ತಲೆ ಕೋಣೆಯ ಬಾಗಿಲಿಗೆ ಬಂದಾಗ ಬಾವಲಿಯ ವಾಸನೆಗೆ ಕರ್ಚೀಫು ಹಿಡಿದು ಹಿಂದಕ್ಕೆ ತಿರುಗುತ್ತಿದ್ದರು. ಆಮೇಲೆ ವರದಿಯಲ್ಲಿ 'ಒಳಭಾಗವನ್ನು ಕೂಲಂಕಷವಾಗಿ ಪರಿಶೀಲಿಸಲಾಗಿದೆ' ಎಂದು ಬರೆಯುತ್ತಿದ್ದರು. ಹೀಗೆ ಹನ್ನೊಂದು ವರ್ಷದ ಸಹಿ ಬಿದ್ದಿತ್ತು.

ಆ ಅಚ್ಚಿನ ಕೋಣೆಯಲ್ಲೇ ಮೇಸ್ತ್ರಿ ಕಣ್ಣು ಬಿಟ್ಟಿದ್ದು ಎಂದರೂ ಸರಿಯೇ. ಕಬ್ಬಿಣ ಹೊಯ್ಯುವ ಮೊದಲು ಮರದಲ್ಲಿ ಅಚ್ಚು ಮಾಡಬೇಕು, ಅದನ್ನು ಮರಳಿನಲ್ಲಿ ಒತ್ತಿ ಗುಳಿ ತೆಗೆಯಬೇಕು, ಆ ಗುಳಿಗೆ ಕರಗಿದ ಕಬ್ಬಿಣ ಹೊಯ್ಯಬೇಕು. ಅಪ್ಪ ಆ ಅಚ್ಚುಗಳನ್ನು ಮಾಡುವ ಬಡಗಿ. ಮಗನೂ ಅದನ್ನೇ ಕಲಿತ, ನಾಲ್ಕು ವರ್ಷ ಅಪ್ಪನ ಪಕ್ಕದ ಮೇಜಿನಲ್ಲಿ ದುಡಿದ, ಅಷ್ಟರಲ್ಲಿ ಕಾರ್ಖಾನೆ ಮುಚ್ಚಿತು. ಬಡಗಿಯಾಗಿದ್ದವನು ಹೊಟ್ಟೆಪಾಡಿಗೆ ಗಾರೆ ಕೆಲಸ ಹಿಡಿದು ಮೇಸ್ತ್ರಿಯಾದ. ಮದುವೆಗೆ ಎರಡು ಕಡೆ ಮಾತಾಡಿದರು. ಹುಡುಗ ಎಲ್ಲಿ ಕೆಲಸ ಮಾಡುತ್ತಾನೆ ಎಂದು ಕೇಳಿದಾಗ ಪಾಳಿನಲ್ಲಿ ಎಂದು ಇವನೇ ನೇರವಾಗಿ ಹೇಳಿದ. ಒಂದು ಮನೆಯವರು ಚಹಾ ಕುಡಿದು ಎದ್ದರು, ಇನ್ನೊಂದು ಮನೆಯವರು ಚಹಾಕ್ಕೂ ಕಾಯಲಿಲ್ಲ. ಹಾಗಾಗಿ ಮನೆಯಲ್ಲಿ ಇದ್ದವರು ಅವನು ಮತ್ತು ಅವನ ಅಕ್ಕ, ಇಬ್ಬರೇ. ಅಮ್ಮ ಬೇಗ ಹೋಗಿದ್ದಳು. ಅವನಿಗಿಂತ ಆರು ವರ್ಷ ದೊಡ್ಡವಳಾದ ಅಕ್ಕನೇ ಅವನಿಗೆ ಅನ್ನ ಹಾಕಿ, ಬೈದು, ತಲೆ ಬಾಚಿ ದೊಡ್ಡವನನ್ನಾಗಿ ಮಾಡಿದ್ದಳು. ಈಗಲೂ ಬೈಯುವುದನ್ನು ನಿಲ್ಲಿಸಿರಲಿಲ್ಲ.

ಅಕ್ಕನದು ಇಸ್ತ್ರಿ ಅಂಗಡಿ. ಅಂಗಡಿ ಎಂದರೆ ಅಚ್ಚಿನ ಕೋಣೆಯ ಹೊರಗೋಡೆಗೆ ಇಳಿಬಿಟ್ಟ ಎರಡು ತಗಡು, ಅದರ ಕೆಳಗೆ ಕಂಬಳಿ ಹೊದಿಸಿದ ಒಂದು ಮೇಜು, ಇದ್ದಿಲು ತುಂಬಿದ ಇಸ್ತ್ರಿಪೆಟ್ಟಿಗೆ, ಗೋಡೆಯ ಮೊಳೆಗಳಿಗೆ ನೇತುಹಾಕಿದ ಅಂಗಿಗಳು. ಇಪ್ಪತ್ತಾರು ವರ್ಷದಿಂದ ಅಲ್ಲೇ ನಿಂತು ಓಣಿಯ ಅರ್ಧ ಜನರ ಬಟ್ಟೆಯ ಸುಕ್ಕು ತೆಗೆದಿದ್ದಳು. ಸಾಹೇಬರ ಬಿಳಿ ಅಂಗಿಗಳೂ ಅವಳಲ್ಲಿಗೇ ಬರುತ್ತಿದ್ದವು.

ಆ ಗೋಡೆ ಓಣಿಯ ಕಡೆಗೆ ವಾಲತೊಡಗಿತು. ಮೊದಲು ಮೇಸ್ತ್ರಿಯ ಕಣ್ಣಿಗೆ ಬಿದ್ದಾಗ ತೂಗುಗುಂಡಿಗೂ ಗೋಡೆಗೂ ನಡುವೆ ನಾಲ್ಕು ಬೆರಳು ಅಂತರ. ಎರಡು ಮಳೆಗಾಲ ಕಳೆದಾಗ ಒಂದು ಗೇಣು. ಬಿದ್ದರೆ ನೇರವಾಗಿ ಅಕ್ಕನ ತಗಡಿನ ಮೇಲೆಯೇ. ಅಂಗಡಿ ಎತ್ತಿಬಿಡು ಎಂದು ಅವನು ಗೋಗರೆದ. ಅಕ್ಕ ಕೇಳುವ ಜಾತಿಯಲ್ಲ, ಆದರೆ ಈ ಸಲ ಅವಳ ಹಟಕ್ಕೆ ಕಾರಣವೂ ಇತ್ತು. ಬೇಲಿಯ ಸುತ್ತಲಿನ ಓಣಿಯಲ್ಲಿ ಹೊಸದಾಗಿ ಏನನ್ನೂ ಹಾಕುವಂತಿಲ್ಲ. ಅವಳ ತಗಡು ಹಳೆಯ ಫೋಟೋದಲ್ಲಿ ಇರುವುದರಿಂದ ಉಳಿದುಕೊಂಡಿದೆ. ಒಮ್ಮೆ ಬಿಚ್ಚಿದರೆ ಮತ್ತೆ ಎಲ್ಲೂ ಕಟ್ಟಲು ಬಿಡುವುದಿಲ್ಲ. ಬದುಕಬೇಕಾದರೆ ಗೋಡೆಯ ಕೆಳಗೇ ನಿಲ್ಲಬೇಕು, ನಿಂತರೆ ಗೋಡೆ ಮೈಮೇಲೆ ಬೀಳುತ್ತದೆ.

ಮೇಸ್ತ್ರಿ ಮೂರು ಸಲ ಅರ್ಜಿ ಬರೆದುಕೊಟ್ಟ. ಗೋಡೆಗೆ ಆಧಾರ ಕೊಡಬೇಕು, ಇಲ್ಲದಿದ್ದರೆ ಜನ ಸಾಯುತ್ತಾರೆ ಎಂದು ಮೂರನೆಯದರಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದ. ಗೋಡೆಯ ವಾಲುವಿಕೆಯು ಸ್ಮಾರಕದ ಗುರುತಿಸಲ್ಪಟ್ಟ ಲಕ್ಷಣವಾಗಿದ್ದು ಯಥಾಸ್ಥಿತಿ ಕಾಪಾಡುವುದು ಎಂದು ಉತ್ತರ ಬಂತು. ಕೆಂಪು ಶಾಯಿ ಬಳಸಿದ್ದಕ್ಕೆ ಬೇರೆ ಒಂದು ಎಚ್ಚರಿಕೆಯೂ ಬಂತು. ವಾಲುತ್ತಿರುವುದನ್ನು ವಾಲುತ್ತಿರುವ ಹಾಗೆಯೇ ನಿಲ್ಲಿಸುವುದು ಹೇಗೆ ಎಂದು ಯಾರೂ ತಿಳಿಸಲಿಲ್ಲ.

ಅಷ್ಟರಲ್ಲಿ ಸಾಹೇಬರು ಪಾಳು ಸಂರಕ್ಷಣೆಯ ತರಬೇತಿಗೆಂದು ಹತ್ತು ದಿನ ಬೆಟ್ಟದ ಮೇಲಿನ ಹೋಟೆಲಿಗೆ ಹೋದರು. ಆ ಹತ್ತು ದಿನ ಮೇಸ್ತ್ರಿ ಮನಸ್ಸು ಬಿಚ್ಚಿ ಕೆಲಸ ಮಾಡಿದ. ಅಟ್ಟದಲ್ಲಿ ಅಪ್ಪನ ಕಾಲದ ಗಟ್ಟಿಮರದ ತುಂಡುಗಳು ಬಿದ್ದಿದ್ದವು. ಅವು ಗಿಡ್ಡ, ಹಾಗಾಗಿ ತುದಿಗಳು ಒಂದನ್ನೊಂದು ಹಿಡಿಯುವಂತೆ ಕಡಿದು ಕಚ್ಚು ಕೊಟ್ಟು, ಒಂದೂ ಮೊಳೆ ಹೊಡೆಯದೆ, ಮರದ ಬೆಣೆ ಬಡಿದು ಉದ್ದನೆಯ ಮೂರು ತೊಲೆ ಮಾಡಿದ. ತೊಲೆಯ ಒಂದು ತುದಿಯನ್ನು ಒಳಗಿನ ದಪ್ಪ ಗೋಡೆಗೆ ಕಟ್ಟಿ, ಇನ್ನೊಂದನ್ನು ವಾಲಿದ ಗೋಡೆಯ ಕಿಟಕಿಗಳಲ್ಲಿ ತೂರಿಸಿ, ಹೊರಗೆ ಅಡ್ಡಪಟ್ಟಿ ಕೊಟ್ಟು ಬಿಗಿದ. ಓಡಿಹೋಗುವವನ ಅಂಗಿಯನ್ನು ಹಿಂದಿನಿಂದ ಹಿಡಿದೆಳೆದ ಹಾಗೆ ಗೋಡೆ ನಿಂತಿತು. ಬಾಗಿಲಲ್ಲಿ ನಿಂತವರಿಗೆ ಕಾಣದಿರಲಿ ಎಂದು ಹಳೆಯ ಯಂತ್ರದೆಣ್ಣೆಗೆ ಮಸಿ ಕಲಸಿ ತೊಲೆಗಳಿಗೆ ಬಳಿದ. ಹೊರಗಿನ ಅಡ್ಡಪಟ್ಟಿಗಳನ್ನು ಅಕ್ಕ ನೇತುಹಾಕಿದ ಅಂಗಿಗಳು ಮರೆಮಾಡಿದವು. ಮೂವತ್ತು ವರ್ಷದ ನಂತರ ಉಳಿ ಹಿಡಿದ ಕೈ ಮರೆತಿರಲಿಲ್ಲ ಎಂದು ಅವನಿಗೆ ಒಳಗೊಳಗೇ ಹಿಗ್ಗಾಯಿತು.

ಅಳತೆಗೆ ಅವನು ಬಳಸಿದ್ದು ಅಪ್ಪನ ಅಡಿಕೋಲು. ಅವನಲ್ಲಿ ಇದ್ದದ್ದೇ ಅದೊಂದು. ಕರಗಿದ ಕಬ್ಬಿಣ ತಣ್ಣಗಾಗುವಾಗ ಕುಗ್ಗುತ್ತದೆ, ಆದ್ದರಿಂದ ಅಚ್ಚನ್ನು ಸ್ವಲ್ಪ ದೊಡ್ಡದಾಗಿಯೇ ಮಾಡಬೇಕು. ಪ್ರತಿ ಸಲ ಲೆಕ್ಕ ಹಾಕುತ್ತ ಕೂರಲು ಯಾರಿಗೆ ಪುರುಸೊತ್ತು? ಅದಕ್ಕೆ ಅಚ್ಚಿನ ಬಡಗಿಗಳ ಅಡಿಕೋಲೇ ಸ್ವಲ್ಪ ಉದ್ದ. ಅದರ ಒಂದು ಅಡಿಯಲ್ಲಿ ಅಂಗುಲದ ಎಂಟರಲ್ಲೊಂದು ಪಾಲು ಹೆಚ್ಚು. ಅಪ್ಪ ತನ್ನ ಕೋಲನ್ನು ತಾನೇ ಗೆರೆ ಕೊರೆದು ಮಾಡಿಕೊಂಡಿದ್ದ. ಅವನ ಹೆಬ್ಬೆರಳು ಕೂರುತ್ತಿದ್ದ ಜಾಗ ಸವೆದು ಸಣ್ಣ ತಗ್ಗಾಗಿತ್ತು. ತೊಲೆಗಳು ಕಬ್ಬಿಣದವಲ್ಲ, ಅವು ಕುಗ್ಗುವುದಿಲ್ಲ ಎಂಬುದು ಮೇಸ್ತ್ರಿಗೆ ಹೊಳೆಯಲೇ ಇಲ್ಲ. ಅವನಿಗೆ ಅಡಿ ಎಂದರೆ ಅದೇ ಅಡಿ.

ಎರಡು ತಿಂಗಳ ನಂತರ ಪಟ್ಟಿಯ ಮರುಸಮೀಕ್ಷೆ ಬಂತು. ಅದರ ಜೊತೆಗೆ ಹಳೆಯ ಕಟ್ಟಡಗಳ ಬಗ್ಗೆ ದಪ್ಪ ಪುಸ್ತಕಗಳನ್ನು ಬರೆದಿದ್ದ ವಿದ್ವಾಂಸರೊಬ್ಬರು ಬಂದರು. ಅವರಿಗೆ ಬಾವಲಿಯ ವಾಸನೆಯೇ ಸುಗಂಧ. ದೊಡ್ಡ ಟಾರ್ಚು ಹಿಡಿದು ಸೀದಾ ಅಚ್ಚಿನ ಕೋಣೆಗೆ ನುಗ್ಗಿದವರು ತೊಲೆಗಳ ಕೆಳಗೆ ಗರಬಡಿದವರಂತೆ ನಿಂತುಬಿಟ್ಟರು. ಇವು ಮೊದಲಿನಿಂದಲೂ ಇಲ್ಲಿದ್ದವೇ ಎಂದು ಸಾಹೇಬರನ್ನು ಕೇಳಿದರು. ಸಾಹೇಬರು ಆ ಕೋಣೆಗೆ ಕಾಲಿಟ್ಟದ್ದು ಅದೇ ಮೊದಲು. ಇರಲಿಲ್ಲ ಎಂದರೆ ಹನ್ನೊಂದು ವರ್ಷದ ಸಹಿ ಕುತ್ತಿಗೆಗೆ ಬರುತ್ತದೆ, ಗೊತ್ತಿಲ್ಲ ಎಂದರೂ ಬರುತ್ತದೆ. ಇದ್ದವು, ಇದ್ದವು, ನಾನು ಪ್ರತಿ ವರ್ಷ ನೋಡುತ್ತಿದ್ದೇನೆ ಎಂದು ಬೆವರು ಒರೆಸಿಕೊಂಡರು. ಮೇಸ್ತ್ರಿ ಬಾಯಿ ತೆರೆದಿದ್ದವನು ಹಾಗೇ ಮುಚ್ಚಿದ.

ಅಳತೆ ಶುರುವಾಯಿತು. ಟೇಪಿನ ಒಂದು ತುದಿ ಹಿಡಿಯಲು ಮೇಸ್ತ್ರಿಯನ್ನೇ ಕರೆದರು. ಕಚ್ಚಿನಿಂದ ಕಚ್ಚಿಗೆ ಎಂಟು ಅಡಿ ಇರಬೇಕಾದಲ್ಲಿ ಎಂಟಡಿ ಒಂದಂಗುಲ. ಹದಿನಾರು ಅಡಿ ಇರಬೇಕಾದಲ್ಲಿ ಹದಿನಾರಡಿ ಎರಡಂಗುಲ. ಎಲ್ಲಿ ಹಿಡಿದರೂ ಅದೇ ಲೆಕ್ಕದ ಹೆಚ್ಚಳ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ವಿದ್ವಾಂಸರು ಅದೇ ತೊಲೆಯನ್ನು ಇನ್ನೊಮ್ಮೆ ಅಳೆದು ನೋಡಿದರು. ಇದು ತಪ್ಪಲ್ಲ, ಇದು ಬೇರೆಯೇ ಒಂದು ಅಡಿ, ಈಗಿನ ಅಳತೆಗಳು ಬರುವುದಕ್ಕಿಂತ ಹಿಂದಿನ ಯಾವುದೋ ಅಲೆಮಾರಿ ಬಡಗಿಗಳ ಅಡಿ ಎಂದು ಅಲ್ಲೇ ಘೋಷಿಸಿದರು. ಮೇಸ್ತ್ರಿಗೆ ಆ ಕ್ಷಣವೇ ತನ್ನ ಎಡವಟ್ಟು ಗೊತ್ತಾಯಿತು. ನಗು ತಡೆಯಲಾರದೆ ಕೆಮ್ಮಿದ. ಅಪ್ಪನ ಕೋಲು ಅವನ ಚಡ್ಡಿಯ ಉದ್ದ ಜೇಬಿನಲ್ಲೇ ಇತ್ತು.

ವಿದ್ವಾಂಸರು ನಲವತ್ತು ಪುಟಗಳ ಪ್ರಬಂಧ ಬರೆದರು. ತೊಲೆಗಳ ಮುಂದೆ ಫಲಕ ಬಂತು. ಇಂಥ ಕಚ್ಚನ್ನು ಕಡಿಯುವ ಕೈಗಳು ಇಂದು ಭೂಮಿಯ ಮೇಲಿಲ್ಲ ಎಂದು ಅದರಲ್ಲಿ ಬರೆದಿತ್ತು. ಆ ಫಲಕವನ್ನು ಗೋಡೆಗೆ ಹೊಡೆದದ್ದು ಅದೇ ಕೈಗಳು. ಮೇಸ್ತ್ರಿ ಸಂಜೆ ಮನೆಗೆ ಬಂದು ಫಲಕದ ಮಾತನ್ನು ಅಕ್ಕನಿಗೆ ಬಾಯಿಪಾಠ ಒಪ್ಪಿಸುತ್ತಿದ್ದ. ಅಕ್ಕ ಅನ್ನ ತಣ್ಣಗಾಗುತ್ತದೆ ಉಣ್ಣು ಎನ್ನುತ್ತಿದ್ದಳು. ಇಷ್ಟಕ್ಕೇ ಮುಗಿದಿದ್ದರೆ ಎಲ್ಲರಿಗೂ ಸುಖವೇ ಆಗಿತ್ತು.

ಆದರೆ ಹೊಗಳಿಕೆ ಅಷ್ಟಕ್ಕೆ ನಿಲ್ಲುವುದಿಲ್ಲ. ಇಷ್ಟು ಅಪರೂಪದ ತೊಲೆಗಳನ್ನು ಮಳೆಗೆ, ಬಾವಲಿಗೆ ಬಿಡುವುದೇ? ಬಿಚ್ಚಿ ವಸ್ತುಸಂಗ್ರಹಾಲಯಕ್ಕೆ ಸಾಗಿಸುವುದು, ಗಾಜಿನ ಪೆಟ್ಟಿಗೆಯಲ್ಲಿ ಇಡುವುದು ಎಂದು ಆದೇಶ ಬಂತು. ದಿನವೂ ಗೊತ್ತಾಯಿತು. ಗೋಡೆಯನ್ನು ಯಾವುದು ಹಿಡಿದುಕೊಂಡಿದೆ ಎಂದು ನಲವತ್ತು ಪುಟಗಳಲ್ಲಿ ಒಂದು ಸಾಲೂ ಇರಲಿಲ್ಲ.

ಮೇಸ್ತ್ರಿ ಅವತ್ತೇ ಕಚೇರಿಗೆ ಹೋದ. ಸಾಹೇಬರೂ ವಿದ್ವಾಂಸರೂ ಇಬ್ಬರೂ ಕೂತಿದ್ದರು. ಟೋಪಿ ತೆಗೆದು ಕೈಯಲ್ಲಿ ಹಿಡಿದು, "ಸಾರ್, ಅವು ಹಳೇವಲ್ಲ. ನೀವು ಬೆಟ್ಟಕ್ಕೆ ಹೋಗಿದ್ರಲ್ಲ, ಆಗ ನಾನೇ ಮಾಡಿ ಹಾಕಿದ್ದು. ತೆಗೆದ್ರೆ ಗೋಡೆ ನಮ್ಮಕ್ಕನ ಮೇಲೆ ಬೀಳುತ್ತೆ" ಎಂದ.

ಸಾಹೇಬರ ಮುಖ ಅವರ ಅಂಗಿಗಿಂತ ಬೆಳ್ಳಗಾಯಿತು. ಸುಧಾರಿಸಿಕೊಂಡು ನಿಯಮ ಹೇಳಿದರು. ತೊಲೆಗಳು ಪುರಾತನವಾಗಿದ್ದರೆ ಸಂಗ್ರಹಾಲಯಕ್ಕೆ ಹೋಗುತ್ತವೆ. ಮೇಸ್ತ್ರಿಯೇ ಮಾಡಿದ್ದಾದರೆ ಅದು ಅಕ್ರಮ, ನಾಳೆಯೇ ಕಿತ್ತು ಹಾಕಬೇಕು, ಕಿತ್ತ ಮೇಲೆ ಮೇಸ್ತ್ರಿಯನ್ನೂ ಕಿತ್ತು ಹಾಕಬೇಕು. ಅಂದರೆ ನಿಜವಾದರೂ ಗೋಡೆ ಬೀಳುತ್ತದೆ, ಸುಳ್ಳಾದರೂ ಬೀಳುತ್ತದೆ. ವಿದ್ವಾಂಸರಿಗೆ ಮಾತ್ರ ಸಿಟ್ಟೇ ಬರಲಿಲ್ಲ, ಅಯ್ಯೋ ಪಾಪ ಎನಿಸಿತು. "ಹಾಗಾದ್ರೆ ಆ ಅಡಿ ಎಲ್ಲಿಂದ ಬಂತಪ್ಪಾ?" ಎಂದು ಮಗುವನ್ನು ಕೇಳುವ ಹಾಗೆ ಕೇಳಿದರು. ಮೇಸ್ತ್ರಿಯ ಕೈ ಜೇಬಿನ ಹತ್ತಿರ ಹೋಯಿತು. ಅಷ್ಟರಲ್ಲಿ ಸಾಹೇಬರು ಅಭ್ಯಾಸಬಲದಿಂದ, ತೀರ್ಮಾನ ಆಗುವವರೆಗೆ ಯಥಾಸ್ಥಿತಿ ಎಂದು ಗುಮಾಸ್ತನಿಗೆ ಹೇಳಿದ್ದು ಅವನ ಕಿವಿಗೆ ಬಿತ್ತು. ಕೈ ಅಲ್ಲೇ ನಿಂತಿತು. ಕೊನೆಗೆ, ಮರುದಿನ ಹತ್ತು ಗಂಟೆಗೆ ಮೇಸ್ತ್ರಿ ತನ್ನ ಹತಾರದ ಪೆಟ್ಟಿಗೆಯನ್ನು ಪೂರ್ತಿಯಾಗಿ ತಂದು, ಎಲ್ಲರ ಎದುರಿಗೆ ಅಂಥದೇ ಒಂದು ತೊಲೆ ಜೋಡಿಸಿ ತೋರಿಸಬೇಕು ಎಂದಾಯಿತು.

ಸಂಜೆ ಅಂಗಡಿಯಲ್ಲಿ ಅಕ್ಕ ಸಾಹೇಬರ ಅಂಗಿಯನ್ನು ಮೇಜಿನ ಮೇಲೆ ಹರಡಿಕೊಂಡಿದ್ದಳು. ಅವನು ಎಲ್ಲವನ್ನೂ ಹೇಳಿ, ದಾರಿಯಲ್ಲಿ ತಾನು ಹಾಕಿದ ಲೆಕ್ಕವನ್ನೂ ಹೇಳಿದ. ಕಚ್ಚು ಸರಿಯಾಗಿ ಬಂದರೆ ಅದು ತನ್ನದೇ ಕೈ ಎನ್ನುತ್ತಾರೆ. ಅಳತೆ ಹಳೆಯ ತೊಲೆಗಳಿಗೆ ಹೊಂದದಿದ್ದರೆ ತನ್ನದಲ್ಲ ಎನ್ನುತ್ತಾರೆ. ಎರಡೂ ಒಟ್ಟಿಗೆ ಆದರೆ ಏನನ್ನೂ ಅನ್ನಲಾರರು, ಅನ್ನಲಾರದೆ ಇರುವಷ್ಟು ಕಾಲ ತೊಲೆ ಮುಟ್ಟಲಾರರು. ಆದ್ದರಿಂದ ನಾಳೆ ಕಚೇರಿಯ ಟೇಪಿನಲ್ಲೇ ಅಳೆಯಬೇಕು. ಅಪ್ಪನ ಕೋಲನ್ನು ಅಟ್ಟದಲ್ಲೆಲ್ಲೋ ಬಚ್ಚಿಡುತ್ತೇನೆ ಎಂದ.

ಅಕ್ಕ ಇಸ್ತ್ರಿಪೆಟ್ಟಿಗೆಯ ಮುಚ್ಚಳ ತೆಗೆದು ಕೆಂಡ ಕೆದಕಿದಳು. "ಬಚ್ಚಿಟ್ರೆ ಒಂದಿನ ನೀನೇ ತೆಗೆದು ತೋರಿಸ್ತೀಯ. ಆ ಫಲಕದ ಮುಂದೆ ನಿಂತು ಯಾರೋ ಹೊಗಳ್ತಾರೆ, ನಿನಗೆ ತಡೆಯೋಕಾಗಲ್ಲ. ನಿನ್ನ ಹೊಟ್ಟೇಲಿ ಏನು ನಿಲ್ಲುತ್ತೆ ಏನು ನಿಲ್ಲಲ್ಲ ನನಗೊತ್ತಿಲ್ವೇನೋ" ಎಂದಳು.

ಅದು ಅಪ್ಪನದು ಅಕ್ಕಾ ಎಂದು ಅವನು ಹೇಳಿದ. ನನಗೂ ಅಪ್ಪನೇ ಎಂದಳು ಅವಳು. ಅಂಗಡಿ ಎತ್ತಿಬಿಡುತ್ತೇನೆ, ನೀನು ಕೋಲು ಇಟ್ಟುಕೋ ಎಂದೂ ಹೇಳಿದಳು, ಈ ಸಲ ಹಟವಿಲ್ಲದೆ, ತುಂಬ ಮೆತ್ತಗೆ. ಅದನ್ನು ಕೇಳಿದ ಮೇಲೆ ಅವನಿಗೆ ಯೋಚಿಸಲು ಏನೂ ಉಳಿಯಲಿಲ್ಲ. ಜೇಬಿನಿಂದ ಕೋಲನ್ನು ತೆಗೆದು, ಸವೆದ ತಗ್ಗಿನಲ್ಲಿ ಹೆಬ್ಬೆರಳಿಟ್ಟು ನೋಡಿ, ಮೇಜಿನ ಮೇಲಿಟ್ಟ. ಮುರಿಯಲು ಅವನ ಕೈ ಬರಲಿಲ್ಲ. ಅಕ್ಕನೇ ಮೊಣಕಾಲಿಗೆ ಕೊಟ್ಟು ಮುರಿದು ತುಂಡುಗಳನ್ನು ಪೆಟ್ಟಿಗೆಗೆ ಹಾಕಿ ಬೀಸಣಿಗೆ ಬೀಸಿದಳು. ಹಳೆಯ ಮರ, ಚೆನ್ನಾಗಿ ಉರಿಯಿತು. ಆ ಶಾಖದಲ್ಲಿ ಸಾಹೇಬರ ಅಂಗಿ ಗರಿಗರಿಯಾಯಿತು. ಅವನು ಓಣಿಯ ಕಡೆ ಮುಖ ಮಾಡಿ ಕೂತು ಅತ್ತ, ಅಕ್ಕ ನೋಡದವಳ ಹಾಗೆ ಕಾಲರ್ ಮಡಿಸಿದಳು.

ಮರುದಿನ ಸಾಹೇಬರು ಅದೇ ಅಂಗಿ ತೊಟ್ಟು ಬಂದರು. ಮೇಸ್ತ್ರಿಯ ಪೆಟ್ಟಿಗೆಯನ್ನು ತಳದವರೆಗೆ ಕೆದಕಿ ನೋಡಿ, ಅಳತೆಯ ಸಾಮಾನು ಏನೂ ಇಲ್ಲವೆಂದು ಬರೆದುಕೊಂಡು, ಕಚೇರಿಯ ಟೇಪು ಕೊಟ್ಟರು. ಅವನು ನಾಲ್ಕು ಗಂಟೆ ಕೆಲಸ ಮಾಡಿದ. ಬೇಕೆಂದೇ ಕೆಲಸ ಕೆಡಿಸಬೇಕಾದ ಅಗತ್ಯವಿರಲಿಲ್ಲ, ಕೆಡಿಸಲೂ ಇಲ್ಲ. ಬೆಣೆ ಬಡಿದು ತೊಲೆಯನ್ನು ಎತ್ತಿ ನಿಲ್ಲಿಸಿದಾಗ ಎರಡು ತುಂಡು ಕೂಡಿದ ಗೆರೆ ಎಲ್ಲಿದೆ ಎಂದು ಹುಡುಕಬೇಕಾಯಿತು. ಹಳೆಯ ಕಚ್ಚಿಗೂ ಇದಕ್ಕೂ ಎಳ್ಳಷ್ಟೂ ವ್ಯತ್ಯಾಸವಿಲ್ಲ ಎಂದು ವಿದ್ವಾಂಸರೇ ಒಪ್ಪಿಕೊಂಡು ಪೆಚ್ಚಾದರು. ಆಮೇಲೆ ಅಳೆದರು. ಸರಿಯಾಗಿ ಎಂಟು ಅಡಿ. ಮೇಲೆ ಒಂದಂಗುಲ ಇರಲಿಲ್ಲ. ವಿದ್ವಾಂಸರ ಮುಖಕ್ಕೆ ಮತ್ತೆ ಕಳೆ ಬಂತು.

ಕಚ್ಚು ಮೇಸ್ತ್ರಿಯ ಕಡೆ ಸಾಕ್ಷಿ ಹೇಳಿತು, ಅಳತೆ ವಿದ್ವಾಂಸರ ಕಡೆ. ಹೊಸದಾದರೆ ತಮ್ಮ ಸಹಿ ಸುಳ್ಳು, ಹಳೆಯದಾದರೆ ಬಿಚ್ಚಿದಾಗ ಬೀಳುವ ಗೋಡೆಗೆ ತಾವೇ ಹೊಣೆ, ಯಾವುದು ನಿಜವಾದರೂ ತಮಗೆ ತೊಂದರೆಯೇ ಎಂದು ತಿಳಿದಿದ್ದ ಸಾಹೇಬರು ಸಂತೋಷದಿಂದ ಅಡ್ಡಗೋಡೆಯ ಮೇಲೆ ದೀಪವಿಟ್ಟರು. ವಿಷಯವನ್ನು ಮೇಲಿನ ಸಮಿತಿಗೆ ಕಳಿಸುವುದು, ಆ ಸಮಿತಿ ಇನ್ನೂ ರಚನೆಯಾಗಿಲ್ಲವಾದ್ದರಿಂದ ಅದು ರಚನೆಯಾಗುವವರೆಗೆ, ರಚನೆಯಾಗಿ ತೀರ್ಮಾನಿಸುವವರೆಗೆ, ತೊಲೆಗಳನ್ನು ಯಾರೂ ಮುಟ್ಟತಕ್ಕದ್ದಲ್ಲ, ಯಥಾಸ್ಥಿತಿ. ಅನಗತ್ಯವಾಗಿ ಹಕ್ಕು ಸಾಧಿಸಿದ್ದಕ್ಕೆ ಮೇಸ್ತ್ರಿಗೆ ಮೂರು ತಿಂಗಳ ಅಮಾನತು.

ಹೊರಡುವಾಗ ವಿದ್ವಾಂಸರು ದೊಡ್ಡ ಮನಸ್ಸು ಮಾಡಿ ಅವನ ಬೆನ್ನು ತಟ್ಟಿದರು. "ಕೈ ಚೆನ್ನಾಗಿದೆ ಕಣಪ್ಪಾ, ಅದನ್ನ ಇಲ್ಲ ಅನ್ನಲ್ಲ. ಆದ್ರೆ ಆ ಅಡಿ ನಿನ್ನ ಹತ್ರ ಇಲ್ಲ. ಈಗ ಯಾರ ಹತ್ರಾನೂ ಇಲ್ಲ" ಎಂದರು.

"ಇಲ್ಲ ಸಾರ್" ಎಂದ ಮೇಸ್ತ್ರಿ. ನಲವತ್ತು ಪುಟ ಬರೆದವರು ಆ ತೊಲೆಗಳ ಬಗ್ಗೆ ಹೇಳಿದ ಮೊದಲ ನಿಜ ಅದು, ಅದೂ ನಿನ್ನೆ ಸಂಜೆಯಿಂದ ಈಚೆಗೆ ಮಾತ್ರ.